ದಣಿದ ಹೃದಯಕ್ಕೆ ಗ್ಲೂಕೋಸ್ ಕುಡಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಎರಡು ವರ್ಷಗಳ ಹಿಂದೆ ಹೃದಯಾಘಾತವಾಗಿತ್ತು. ಈಚೆಗೆ ಎಕೋ ಮಾಡಿಸಿದಾಗ ಪಂಪಿಂಗ್ ಶೇ. 30ಕ್ಕೆ ಇಳಿದಿದೆ, ಇದು ಹಾರ್ಟ್ ಫೇಲ್ಯೂರ್ ಎಂದರು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತದೆ. ಹೃದಯಕ್ಕೆ ಶಕ್ತಿ ಸಾಲುತ್ತಿಲ್ಲ ಎಂದು ವೈದ್ಯರು ಹೇಳಿದ್ದನ್ನು ಕೇಳಿದ ಅಮ್ಮ ದಿನಕ್ಕೆ ಮೂರು ಬಾರಿ ದೊಡ್ಡ ಲೋಟದಲ್ಲಿ ಗ್ಲೂಕೋಸ್ ಪುಡಿ ಕದಡಿ ಕುಡಿಸುತ್ತಿದ್ದಾರೆ. ಆದರೆ ತಂದೆಯವರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೂ ವೈದ್ಯರು ಸಕ್ಕರೆ ಕಾಯಿಲೆಯ ಮಾತ್ರೆಯೊಂದನ್ನು ಬರೆದಿದ್ದಾರೆ. ಇವೆರಡರಲ್ಲಿ ಯಾವುದು ಸರಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಗ್ಲೂಕೋಸ್ ನೀರನ್ನು ಇಂದೇ ನಿಲ್ಲಿಸಿ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಿಮ್ಮ ತಾಯಿಯವರು ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದಾರೆ. ಆದ್ದರಿಂದ ಬೇಡವೆಂದಷ್ಟೇ ಹೇಳದೆ ಕಾರಣವನ್ನೂ ಅವರಿಗೆ ತಿಳಿಸಿ ಹೇಳುವುದು ಒಳ್ಳೆಯದು.

ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಹೃದಯದ ಸ್ನಾಯು ನಾವು ತಿಂದ ಅನ್ನವನ್ನಾಗಲಿ ಕೊಬ್ಬನ್ನಾಗಲಿ ನೇರವಾಗಿ ಬಳಸಲಾರದು. ಅದಕ್ಕೆ ಬೇಕಾದದ್ದು ಎಟಿಪಿ ಎಂಬ ರಾಸಾಯನಿಕ. ಹೃದಯದಲ್ಲಿ ಯಾವುದೇ ಗಳಿಗೆಯಲ್ಲಿ ಇರುವ ಎಟಿಪಿ ಕೆಲವೇ ಬಡಿತಗಳಿಗೆ ಸಾಲುವಷ್ಟು. ಹಾಗಾಗಿ ಅದನ್ನು ಖರ್ಚು ಮಾಡಿದಂತೆಲ್ಲ ಮತ್ತೆ ಕಟ್ಟುತ್ತಲೇ ಇರಬೇಕಾಗುತ್ತದೆ, ಮತ್ತು ಹೀಗೆ ಒಂದು ದಿನದಲ್ಲಿ ಖರ್ಚಾಗುವುದನ್ನು ಕೂಡಿಸಿದರೆ ಅದು 6 ಕಿಲೋಗ್ರಾಂ ದಾಟುತ್ತದೆ, ಅಂದರೆ ಹೃದಯದ ತೂಕದ ಇಪ್ಪತ್ತು ಪಟ್ಟಿಗೂ ಹೆಚ್ಚು. ಈ ಕೆಲಸದ ಬಹುಪಾಲು ನಡೆಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳಲ್ಲಿ. ಹೃದಯದ ಜೀವಕೋಶದಲ್ಲಿ ಸುಮಾರು ಮೂರನೇ ಒಂದು ಭಾಗದ ಜಾಗವನ್ನು ಅವೇ ತುಂಬಿಕೊಂಡಿರುತ್ತವೆ.

ಶಕ್ತಿ ಎಂದೊಡನೆ ನಮಗೆ ಸಕ್ಕರೆ ನೆನಪಾಗುತ್ತದೆ. ಆದರೆ ಆರೋಗ್ಯವಂತ ಹೃದಯದ ಮುಖ್ಯ ಉರುವಲು ಕೊಬ್ಬಿನಾಮ್ಲ. ಊಟವಾದ ಮೇಲೆ ಗ್ಲೂಕೋಸನ್ನೂ, ಓಡುವಾಗ ಸ್ನಾಯುಗಳಿಂದ ಬರುವ ಲ್ಯಾಕ್ಟೇಟನ್ನೂ, ಉಪವಾಸವಿದ್ದಾಗ ಯಕೃತ್ತು ತಯಾರಿಸುವ ಕೀಟೋನ್‌ಗಳನ್ನೂ ಅದು ಬಳಸುತ್ತದೆ. ಇದನ್ನು ತಿಳಿದ ಬಗೆಯೇ ಸೊಗಸಾಗಿದೆ. ಹೃದಯದ ಸ್ನಾಯುವಿಗೆ ಉಣಿಸಿದ ರಕ್ತ ಹಿಂದಿರುಗುವ ಅಭಿಧಮನಿಯೊಳಗೆ ತೆಳುವಾದ ಕೊಳವೆ ತೂರಿಸಿ, ಒಳಹೋಗುವ ರಕ್ತದಲ್ಲಿ ಏನಿತ್ತು, ಹೊರಬರುವ ರಕ್ತದಲ್ಲಿ ಏನು ಕಡಿಮೆಯಾಯಿತು ಎಂದು ಹೋಲಿಸಿದರೆ ಹೃದಯ ಉಂಡದ್ದೇನೆಂದು ಗೊತ್ತಾಗುತ್ತದೆ. ರಿಚರ್ಡ್ ಬಿಂಗ್ ಎಂಬ ವೈದ್ಯರು 1940ರ ದಶಕದಲ್ಲಿ ಅಮೆರಿಕದಲ್ಲಿ ಈ ವಿಧಾನವನ್ನು ಮನುಷ್ಯರಲ್ಲಿ ಬಳಸಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಹಾದಿಯಲ್ಲಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹೃದಯ ಗ್ಲೂಕೋಸನ್ನು ಹೀರಿಕೊಂಡದ್ದು ಬಹಳ ಸ್ವಲ್ಪವೆಂದೂ, ಸೋತ ಹೃದಯ ಕೀಟೋನ್‌ಗಳನ್ನು ಹೆಚ್ಚಾಗಿ ಬಳಸುತ್ತಿತ್ತೆಂದೂ ಅದರಲ್ಲಿ ಕಂಡುಬಂತು.

ನಿಮ್ಮ ತಂದೆಯವರ ರಕ್ತದಲ್ಲಿ ಉರುವಲಿಗೆ ಬರವಿಲ್ಲ. ಕೆಟ್ಟಿರುವುದು ಅದನ್ನು ಉರಿಸಿ ಎಟಿಪಿಯಾಗಿಸುವ ವ್ಯವಸ್ಥೆ. ರೋಗ ಬಲಿತಂತೆ ಮೈಟೊಕಾಂಡ್ರಿಯಾಗಳ ಕ್ಷಮತೆ ಕುಗ್ಗುತ್ತದೆ. ತಯಾರಾದ ಶಕ್ತಿಯನ್ನು ಸ್ನಾಯುವಿನ ಎಳೆಗಳವರೆಗೆ ದಾಟಿಸುವ ಕ್ರಿಯಾಟಿನ್ ಫಾಸ್ಫೇಟ್ ಎಟಿಪಿಗಿಂತಲೂ ಮೊದಲೇ ಇಳಿಯತೊಡಗುತ್ತದೆ. ಹೃದಯದ ಸ್ನಾಯು ಇನ್ಸುಲಿನ್ನಿನ ಮಾತನ್ನೂ ಸರಿಯಾಗಿ ಕೇಳುವುದಿಲ್ಲವಾದ್ದರಿಂದ, ಒಳಬಂದ ಗ್ಲೂಕೋಸ್ ಕೂಡ ಅರೆಬರೆ ಒಡೆದು, ಕೊನೆಯವರೆಗೆ ಉರಿಯದೆ ಉಳಿಯುತ್ತದೆ. ಗಾಳಿ ಆಡದ ಒಲೆಗೆ ಸೌದೆ ತುರುಕಿದರೆ ಉರಿ ಏಳುವುದಿಲ್ಲವಲ್ಲ, ಇದೂ ಹಾಗೆಯೇ.

ಹೃದಯ ಹಿಂಡಿಕೊಳ್ಳುವಾಗ ಮಾತ್ರವಲ್ಲ, ಸಡಿಲಗೊಳ್ಳುವಾಗಲೂ ಅದಕ್ಕೆ ಶಕ್ತಿ ಬೇಕು. ಪ್ರತಿ ಬಡಿತದ ನಂತರ ಕ್ಯಾಲ್ಸಿಯಂ ಅನ್ನು ಅದರ ಉಗ್ರಾಣಕ್ಕೆ ವಾಪಸು ಪಂಪು ಮಾಡಿದರೆ ಮಾತ್ರ ಸ್ನಾಯು ಸಡಿಲವಾಗುತ್ತದೆ, ಆ ಪಂಪು ನಡೆಯುವುದು ಎಟಿಪಿಯಿಂದ. ಹೃದಯ ಸರಿಯಾಗಿ ಸಡಿಲಗೊಳ್ಳದಿದ್ದರೆ ರಕ್ತ ಒಳಗೆ ಇಳಿಯಲಾರದೆ ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಸ್ನಾನದ ಮನೆಯಿಂದ ಬರುವಾಗಿನ ಏದುಸಿರಿನಲ್ಲಿ ಇದರ ಪಾಲೂ ಇರುತ್ತದೆ. ಇದರ ಮೇಲೆ ದಿನಕ್ಕೆ ಮೂರು ದೊಡ್ಡ ಲೋಟ ನೀರು ಹೆಚ್ಚಾದರೆ, ಮೂತ್ರದ ಮಾತ್ರೆ ಹೊರಹಾಕಿದ್ದನ್ನು ಲೋಟ ಮತ್ತೆ ಒಳತುಂಬಿದಂತಾಗುತ್ತದೆ.

ಇನ್ನು ಆ ಮಾತ್ರೆಯ ವಿಷಯ. ಅದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಆಗಿರಬೇಕು. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಈ ಔಷಧಗಳು ಮೊದಲು ಬಂದದ್ದು ಮಧುಮೇಹಕ್ಕೇ. ಆದರೆ 2019ರಲ್ಲಿ ಪ್ರಕಟವಾದ ಡಾಪಾಗ್ಲಿಫ್ಲೋಜಿನ್ ಪ್ರಯೋಗದಲ್ಲಿ ಭಾಗವಹಿಸಿದ ಹೃದಯ ವೈಫಲ್ಯದ ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಧುಮೇಹವಿರಲಿಲ್ಲ. ಅವರಿಗೂ ಸೇರಿದಂತೆ, ರೋಗ ಉಲ್ಬಣಿಸುವ ಅಥವಾ ಹೃದ್ರೋಗದಿಂದ ಸಾಯುವ ಅಪಾಯ ಸುಮಾರು ಕಾಲು ಭಾಗದಷ್ಟು ತಗ್ಗಿತು. ಈ ಮಾತ್ರೆ ರಕ್ತದಲ್ಲಿ ಕೀಟೋನ್‌ಗಳನ್ನು ತುಸು ಏರಿಸಿ ಹೃದಯಕ್ಕೆ ಬೇರೊಂದು ಉರುವಲನ್ನು ಒದಗಿಸುತ್ತದೆ ಎಂಬ ವಾದವಿದೆ. ವಾದ ಆಕರ್ಷಕವಾಗಿದ್ದರೂ ಇನ್ನೂ ಸಾಬೀತಾಗಿಲ್ಲ. ಉಪ್ಪು ಮತ್ತು ನೀರು ಹೊರಹೋಗಿ ಹೃದಯದ ಹೊರೆ ಇಳಿಯುವುದೂ ಕಾರಣಗಳಲ್ಲಿ ಒಂದಿರಬಹುದು. ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ: ವಾಂತಿ ಭೇದಿಯಾಗಿ ಊಟ ಸೇರದಿದ್ದಾಗ ಅಥವಾ ಏಕಾದಶಿಯಂತಹ ಉಪವಾಸ ಮಾಡುವ ಮುನ್ನ, ಮಾತ್ರೆಯನ್ನು ಆ ದಿನಗಳಲ್ಲಿ ಬಿಡಬೇಕೇ ಎಂದು ವೈದ್ಯರನ್ನು ಕೇಳಿ.

ಶಕ್ತಿ ಕುಂದಿದ ಹೃದಯವನ್ನು ಬಲವಂತವಾಗಿ ದುಡಿಸುವ ಪ್ರಯತ್ನವೂ ಹಿಂದೆ ನಡೆದಿದೆ. ಹೃದಯದ ಬಡಿತವನ್ನು ಬಿರುಸುಗೊಳಿಸುವ ಮಿಲ್ರಿನೋನ್ ಮಾತ್ರೆಯ ಪ್ರಯೋಗ 1991ರಲ್ಲಿ ಪ್ರಕಟವಾದಾಗ, ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇ. 28ರಷ್ಟು ಹೆಚ್ಚಿತ್ತು. ಇದಕ್ಕೆ ವಿರುದ್ಧವಾಗಿ, ಹೃದಯದ ವೇಗವನ್ನು ತಗ್ಗಿಸಿ ಅದರ ಖರ್ಚು ಇಳಿಸುವ ಬೀಟಾ ಬ್ಲಾಕರ್‌ಗಳು ಸಾವನ್ನು ಸುಮಾರು ಮೂರನೇ ಒಂದರಷ್ಟು ಕಡಿಮೆ ಮಾಡಿದ್ದನ್ನು 1999ರ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ತಂದೆಯವರ ಚೀಟಿಯಲ್ಲಿ ಅಂತಹ ಮಾತ್ರೆಯಿದ್ದರೆ, ನಾಡಿ ನಿಧಾನವಾಯಿತೆಂದು ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ತಲೆಸುತ್ತು ಬಂದರೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಕೀಟೋನ್ ಹೃದಯಕ್ಕೆ ಒಳ್ಳೆಯದೆಂದು ಓದಿದೆ. ಹೃದಯ ವೈಫಲ್ಯವಿರುವವರು ಅನ್ನ, ಮುದ್ದೆ ಬಿಟ್ಟು ಕೀಟೋ ಆಹಾರಕ್ಕೆ ಹೋಗಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಹಾಗೆ ಮಾಡಿದರೆ ಹೃದಯ ವೈಫಲ್ಯದ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿದ ದೊಡ್ಡ ಪ್ರಯೋಗವಿಲ್ಲ. ಮೇಲೆ ಹೇಳಿದ ಮಾತ್ರೆಯ ಜೊತೆ ಅಂತಹ ಆಹಾರ ಸೇರಿದರೆ ರಕ್ತ ಆಮ್ಲೀಯವಾಗುವ ಅಪಾಯವೂ ಉಂಟು.

ಪ್ರಶ್ನೆ: ನನ್ನ ಹಿಮೋಗ್ಲೋಬಿನ್ ಸರಿಯಾಗಿದ್ದರೂ ಹೃದ್ರೋಗ ತಜ್ಞರು ಕಬ್ಬಿಣಾಂಶದ ಇಂಜೆಕ್ಷನ್ ಬೇಕೆನ್ನುತ್ತಾರೆ. ಏಕೆ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಕಬ್ಬಿಣ ರಕ್ತಕ್ಕೆ ಮಾತ್ರ ಬೇಕೆಂದು ನಾವು ತಿಳಿದಿದ್ದೇವೆ. ಆದರೆ ಮೈಟೊಕಾಂಡ್ರಿಯಾಗಳು ಎಟಿಪಿ ತಯಾರಿಸುವ ಸರಪಳಿಯ ಹಲವು ಕೊಂಡಿಗಳಲ್ಲಿ ಕಬ್ಬಿಣವಿದೆ. ಆದ್ದರಿಂದ ರಕ್ತಹೀನತೆ ಕಾಣಿಸಿಕೊಳ್ಳುವ ಮೊದಲೇ ಕೊರತೆ ಸುಸ್ತಾಗಿ ಕಾಣಿಸಬಹುದು. ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟಾಗ ಕಬ್ಬಿಣದ ಕೊರತೆಯಿರುವ ಹೃದಯ ವೈಫಲ್ಯದ ರೋಗಿಗಳ ನಡೆಯುವ ಶಕ್ತಿ ಸುಧಾರಿಸಿದ್ದು 2009ರ ಪ್ರಯೋಗದಲ್ಲಿ ಕಂಡಿತು. ಬಾಯಿಯ ಮೂಲಕ ಕೊಟ್ಟ ಕಬ್ಬಿಣದಿಂದ ಅಂತಹ ಪ್ರಯೋಜನ ಸಿಗಲಿಲ್ಲವೆಂದು 2017ರ ಇನ್ನೊಂದು ಪ್ರಯೋಗ ತೋರಿಸಿತು. ದೇಹದಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಸುವ ನಿಮ್ಮ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆಯ ವರದಿಗಳನ್ನು ಕೇಳಿ ಪಡೆದುಕೊಳ್ಳಿ. ನಿಮ್ಮ ತಜ್ಞರು ಇಂಜೆಕ್ಷನ್ ನಿರ್ಧರಿಸಿರುವುದು ಆ ಅಂಕಿಗಳನ್ನು ನೋಡಿಯೇ.