ಓದುಗರ ಪ್ರಶ್ನೆ: ಸಿಂಡರೆಲ್ಲಾ ‘ಆಗಲ್ಲ’ ಅನ್ನಬಾರದಾ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಸಿಂಡರೆಲ್ಲಾ ಕಥೆ ತೆಗೆದರೆ ಸಾಕು, "ಎಲ್ಲರೂ ಹೇಳಿದ್ದನ್ನೆಲ್ಲ ಅವಳು ಯಾಕಮ್ಮ ಮಾಡ್ತಾಳೆ? ಆಗಲ್ಲ ಅನ್ನಬಾರದಾ?" ಅಂತಾಳೆ. ಹಳೇ ಕಥೆಗಳನ್ನು ಹೊಸದಾಗಿ ಬರೆದ ಪುಸ್ತಕ ಯಾವುದಾದರೂ ಇದೆಯಾ?
– ಓದುಗರು, ಮಂಡ್ಯ

ಉತ್ತರ: ಇದೆ. ನಿಮ್ಮ ಮಗಳ ಪ್ರಶ್ನೆಯ ಮೇಲೇ ಒಂದು ಇಡೀ ಕಾದಂಬರಿ ನಿಂತಿದೆ. ಗೇಲ್ ಕಾರ್ಸನ್ ಲೆವೀನ್ 1997ರಲ್ಲಿ ಬರೆದ ‘ಎಲಾ ಎನ್‌ಚಾಂಟೆಡ್’. ಎಲಾ ಹುಟ್ಟಿದಾಗ ಒಬ್ಬ ಕಿನ್ನರಿ ಬಂದು, ಹೇಳಿದ ಮಾತು ಕೇಳುವ ವರ ಕೊಟ್ಟು ಹೋಗುತ್ತಾಳೆ. ಹೆಸರಿಗೆ ವರ, ಅನುಭವಿಸುವವಳಿಗೆ ಶಾಪ. ಯಾರು ಏನು ಅಪ್ಪಣೆ ಮಾಡಿದರೂ ಮಾಡಲೇಬೇಕು, ತಡೆದುಕೊಂಡರೆ ತಲೆ ಸುತ್ತುತ್ತದೆ. ಹೀಗಾಗಿ ಮಲತಾಯಿ ಮನೆಯಲ್ಲಿ ಅವಳು ನೆಲ ಉಜ್ಜುವುದು ಸಾಧು ಹುಡುಗಿ ಅಂತ ಅಲ್ಲ, ಒಳಗೊಳಗೇ ಹಲ್ಲು ಕಚ್ಚಿಕೊಂಡು. ‘ಇಲ್ಲ’ ಅನ್ನೋ ಮಾತು ಅವಳ ಬಾಯಿಂದ ಎಲ್ಲಿ ಬರುತ್ತೆ ಅಂತ ನಾನು ಹೇಳಲ್ಲ, ಮಗಳೇ ಕಂಡುಕೊಳ್ಳಲಿ. 2004ರ ಸಿನಿಮಾದಲ್ಲಿ ಕಥೆ ತುಂಬ ಬದಲಾಗಿದೆ, ಮೊದಲು ಪುಸ್ತಕ ಓದಿಸಿ. ಇಂಗ್ಲಿಷ್ ಸಲೀಸಾಗಿದೆ.

ಜೊತೆಗೆ ನಮ್ಮದೇ ಸಿಂಡರೆಲ್ಲಾ ಒಬ್ಬಳಿದ್ದಾಳೆ, ಅವಳನ್ನು ಬಿಡಬೇಡಿ. ಹೆಸರು ಹಂಚಿ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅವರ ‘ಫೋಕ್‌ಟೇಲ್ಸ್ ಫ್ರಮ್ ಇಂಡಿಯಾ’ದಲ್ಲಿ ಈ ಕನ್ನಡದ ಕಥೆ ಇದೆ. ಚಿನ್ನದ ಕೂದಲಿನ ಹುಡುಗಿ. ಸ್ವಂತ ಅಣ್ಣನ ಕಣ್ಣೇ ಅವಳ ಮೇಲೆ ಬಿದ್ದಾಗ ತಾಯಿ ಮಣ್ಣಿನ ಮುಖವಾಡ ಮಾಡಿಸಿ ಹಾಕಿ, ಎಲ್ಲಾದರೂ ಹೋಗಿ ಬದುಕಿಕೋ ಅಂತ ಕಳಿಸುತ್ತಾಳೆ. ಹಂಚಿನ ಮುಖದವಳು, ಅದಕ್ಕೇ ಹಂಚಿ. ಸಾಹುಕಾರರ ಮನೆ ಸೇರಿ ಅಡುಗೆ ಕೆಲಸ ಮಾಡುತ್ತಾಳೆ. ನನಗೆ ಇಷ್ಟವಾಗುವುದು ಏನು ಗೊತ್ತಾ? ಇಲ್ಲಿ ಮದುವೆಯಾದ ತಕ್ಷಣ ಕಥೆ ಮುಗಿಯಲ್ಲ, ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ. ಅಣ್ಣನ ವಿಷಯ ಇರುವುದರಿಂದ ಮೊದಲು ನೀವು ಓದಿ, ಆಮೇಲೆ ನಿಮ್ಮ ಬಾಯಲ್ಲೇ ಹೇಳಿ.

ಹೇಳುವುದಕ್ಕೆ ಅವರೆಕಾಯಿ ಕಾಲಕ್ಕಿಂತ ಒಳ್ಳೇ ಕಾಲ ಇಲ್ಲ. ನಮ್ಮಜ್ಜಿ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಮಧ್ಯಕ್ಕಿಟ್ಟು ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಳ್ಳೋರು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬರೋದು, ಸಿಪ್ಪೆ ಕೈಯಲ್ಲೇ ಉಳಿಯೋದು. ನಾವು ‘ಹ್ಞೂಂ’ ಅನ್ನುತ್ತಲೇ ಇರಬೇಕು, ಹೂಂಗುಟ್ಟೋದು ನಿಂತರೆ ಕಥೆಯೂ ನಿಲ್ಲೋದು. ಬೋಗುಣಿ ಖಾಲಿಯಾಗೋ ಹೊತ್ತಿಗೆ ರಾಜಕುಮಾರಿ ಏಳು ಸಮುದ್ರ ದಾಟಿರೋಳು.

ಪ್ರಶ್ನೆ: ದೊಡ್ಡವರು ಓದುವಂಥವು ಇದ್ದರೆ ಹೇಳಿ. ಎಂ.ಎ. ಓದುತ್ತಿದ್ದೇನೆ.
– ಓದುಗರು, ಮೈಸೂರು

ಉತ್ತರ: ಆಂಜೆಲಾ ಕಾರ್ಟರ್ ಅವರ ‘ದ ಬ್ಲಡಿ ಚೇಂಬರ್’, 1979. ಹತ್ತು ಕಥೆಗಳು. ಹೆಂಡತಿಯರನ್ನು ಕೊಲ್ಲುವ ನೀಲಿಗಡ್ಡದವನ ಹಳೇ ಕಥೆಯಲ್ಲಿ ಹುಡುಗಿಯನ್ನು ಉಳಿಸುವವರು ಅಣ್ಣಂದಿರು. ಕಾರ್ಟರ್ ಕಥೆಯಲ್ಲಿ ಕುದುರೆ ಏರಿ, ಕೈಯಲ್ಲಿ ತನ್ನ ಗಂಡನ ಹಳೇ ರಿವಾಲ್ವರ್ ಹಿಡಿದು ಬರುವವಳು ಹುಡುಗಿಯ ತಾಯಿ! ಆ ಪುಟ ಓದುವಾಗ ನಾನು ಎದ್ದು ನಿಂತುಬಿಟ್ಟಿದ್ದೆ. ಆಮೇಲೆ ನವೋಮಿ ನೋವಿಕ್ ಅವರ ‘ಸ್ಪಿನ್ನಿಂಗ್ ಸಿಲ್ವರ್’, 2018. ಹುಲ್ಲನ್ನು ಚಿನ್ನವಾಗಿ ನೂಲುವ ಕಥೆ ಇಲ್ಲಿ ಸಾಲ ವಸೂಲಿಯ ಕಥೆಯಾಗಿದೆ. ಅಪ್ಪ ಮೆತ್ತನೆ ಮನುಷ್ಯ, ಊರವರಿಗೆ ಕೊಟ್ಟ ಸಾಲ ವಾಪಸ್ ಕೇಳೋಕೆ ಬರಲ್ಲ, ಮನೆಯಲ್ಲಿ ಹಸಿವು, ಮಗಳೇ ಬುಟ್ಟಿ ಹಿಡಿದು ಮನೆಮನೆಗೆ ಹೊರಡುತ್ತಾಳೆ. ಕನ್ನಡದಲ್ಲಾದರೆ ಕಾರ್ನಾಡರ ‘ನಾಗಮಂಡಲ’, ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳಿಂದ ಹುಟ್ಟಿದ ನಾಟಕ. ಸಿನಿಮಾ ನೋಡಿದ್ದರೂ ನಾಟಕ ಓದಿ.

ಪ್ರಶ್ನೆ: ಹಿರಿಯರು ಹೇಳಿದ ಕಥೆಯನ್ನು ಹೀಗೆ ತಿದ್ದುವುದು ಸರಿಯೇ? ನಮ್ಮ ತಾಯಿ ಹೇಳಿದ ಕಥೆಗಳನ್ನು ಯಾರಾದರೂ ಮುಟ್ಟಿದರೆ ನನಗೆ ಬೇಜಾರಾಗುತ್ತದೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ ಸಾರ್. ಆದರೆ ಯಾರೂ ಮುಟ್ಟದ ಕಥೆ ಅಂತ ಒಂದಾದರೂ ಇದೆಯಾ ನೋಡಿ. ಜರ್ಮನಿಯ ಜನಪದ ಕಥೆಗಳನ್ನು ಕೂಡಿಸಿದ ಗ್ರಿಮ್ ಸಹೋದರರ 1812ರ ಪುಸ್ತಕದಲ್ಲಿ ಹಿಮಬಿಳುಪಿನ ಹುಡುಗಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿ. 1819ರ ಮುದ್ರಣಕ್ಕೆ ಅವಳನ್ನು ಮಲತಾಯಿ ಮಾಡಿದರು, ನಾವು ಅದನ್ನೇ ಹಳೇದು ಅಂದುಕೊಂಡೆವು. 1697ರಲ್ಲಿ ಫ್ರಾನ್ಸಿನ ಪೆರೋ ಬರೆದ ಸಿಂಡರೆಲ್ಲಾಗೆ ಕುಂಬಳಕಾಯಿ ರಥ ಇದೆ. ಅದಕ್ಕೂ ಎಂಟುನೂರು ವರ್ಷ ಮುಂಚೆ ಚೀನಾದಲ್ಲಿ ಬರೆದಿಟ್ಟ ಇಂಥದ್ದೇ ಕಥೆಯಲ್ಲಿ ರಥವೂ ಇಲ್ಲ, ಕಿನ್ನರಿಯೂ ಇಲ್ಲ, ಹುಡುಗಿಗೆ ಬೇಕಾದ್ದೆಲ್ಲ ಕೊಡುವುದು ಸತ್ತ ಮೀನಿನ ಮೂಳೆಗಳು. ನಿಮ್ಮ ತಾಯಿಯವರೂ ನಿಮಗೆ ನಿದ್ದೆ ಬಂದ ದಿನ ಒಂದು ಥರ, ನೀವು ಹಟ ಮಾಡಿದ ದಿನ ಇನ್ನೊಂದು ಥರ ಹೇಳಿರುತ್ತಾರೆ, ಅಲ್ವಾ?

ಹಾಗಂತ ತಿದ್ದಿದ್ದೆಲ್ಲ ಚೆನ್ನಾಗಿರುತ್ತೆ ಅಂತಲೂ ಅಲ್ಲ. ರಾಜಕುಮಾರಿ ಕೈಗೆ ಕತ್ತಿ ಕೊಟ್ಟು, ಉಳಿದದ್ದನ್ನೆಲ್ಲ ಹಾಗೇ ಬಿಟ್ಟ ಪುಸ್ತಕಗಳು ಬೇಕಾದಷ್ಟಿವೆ, ಅವನ್ನು ನಾನು ಯಾರಿಗೂ ಹೇಳಲ್ಲ.

ನಿಮ್ಮದೊಂದು ಕೆಲಸ ಬಾಕಿ ಇದೆ. ತಾಯಿಯವರು ಹೇಳಿದ ಕಥೆಗಳಲ್ಲಿ ಒಂದನ್ನು ಅವರು ಹೇಳಿದ ಮಾತಲ್ಲೇ ಬರೆದು ನಮಗೆ ಕಳಿಸಿ. ಅವರ ಊರು ಯಾವುದು, ಅವರು ಯಾರಿಂದ ಕೇಳಿದ್ದು ಅನ್ನೋದೂ ಇರಲಿ. ನಡುವೆ ಹಾಡು ಬರುತ್ತಿದ್ದರೆ ಅದನ್ನು ಬಿಡಬೇಡಿ.