ಪ್ರಶ್ನೋತ್ತರ: ಓಕಿನಾವಾದ ಡೋಜೊ, ನಮ್ಮೂರ ತಾಲೀಮು ಮತ್ತು ಕ್ಯಾಮೆರಾ

ಕರಾಟೆಯ ತವರಾದ ಜಪಾನಿನ ಓಕಿನಾವಾ ದ್ವೀಪದಲ್ಲಿ ಗುರುಗಳ ಚಿತ್ರ, ಅಲ್ಲಿನ ದಿನನಿತ್ಯದ ಬದುಕಿನ ಚಿತ್ರ ತೆಗೆಯುವುದು ಹೇಗೆಂದು ನಮ್ಮ ಭಾಗದ ಹಲವರು ಕೇಳಿದ್ದಾರೆ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬರುವ ಚಳಿಗಾಲದಲ್ಲಿ ಇಬ್ಬರು ಶಿಷ್ಯರೊಂದಿಗೆ ಓಕಿನಾವಾಕ್ಕೆ ತರಬೇತಿಗೆ ಹೋಗುವವನಿದ್ದೇನೆ. ಎಪಿಎಸ್-ಸಿ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ, 18–55 ಮತ್ತು 55–200 ಎಂಎಂ ಲೆನ್ಸ್‌ಗಳಿವೆ. ಇಷ್ಟು ಸಾಕೇ? ಒದೆತ ಅಲುಗದೆ ಬರಲು ಶಟರ್ ಎಷ್ಟಿರಬೇಕು?
(ಕರಾಟೆ ಶಿಕ್ಷಕರು, ಕಲಬುರಗಿ)

55–200 ಮನೆಯಲ್ಲೇ ಇರಲಿ. ಓಕಿನಾವಾದ ಬಹಳಷ್ಟು ಡೋಜೊಗಳು (ಕರಾಟೆ ಅಭ್ಯಾಸದ ಜಾಗಗಳು) ಗುರುಗಳ ಮನೆಗೆ ಹೊಂದಿಕೊಂಡ ಸಣ್ಣ ಕೋಣೆಗಳು. ಕೆಳಗೆ ಅಭ್ಯಾಸ, ಮೇಲೆ ಸಂಸಾರ. ಅಲ್ಲಿ ನಿಮಗೆ ಹಿಂದೆ ಸರಿಯಲು ಸಿಗುವುದು ಮೂರು ನಾಲ್ಕು ಮೀಟರ್ ಮಾತ್ರ. ಎರವಲಾಗಿಯಾದರೂ ಒಂದು 35 ಎಂಎಂ, ಎಫ್ 1.8 ಲೆನ್ಸ್ ಹೊಂದಿಸಿಕೊಳ್ಳಿ (ಎಫ್ ಸಂಖ್ಯೆ ಸಣ್ಣದಾದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ). ನಿಮ್ಮ ಸೆನ್ಸರಿನ ಮೇಲೆ ಅದನ್ನು ಉದ್ದಕ್ಕೆ ಹಿಡಿದರೆ ಮೂರು ಮೀಟರ್ ದೂರದಲ್ಲಿ ಸುಮಾರು 2 ಮೀಟರ್ ಎತ್ತರ ಚೌಕಟ್ಟಿಗೆ ಸಿಗುತ್ತದೆ. ನಿಂತ ಮನುಷ್ಯ ತಲೆಯಿಂದ ಪಾದದವರೆಗೆ ಹಿಡಿಸುತ್ತಾನೆ. ಆರಡಿಯ ಬೋ ಕೋಲನ್ನು ಅಡ್ಡ ಬೀಸುವಾಗ ಮಾತ್ರ 18–55 ಹಾಕಿಕೊಳ್ಳಿ.

18–55 ಕಿಟ್ ಲೆನ್ಸ್ ಒಂದನ್ನೇ ನಂಬಿದರೆ ಏನಾಗುತ್ತದೆ ನೋಡಿ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಎಫ್ 2, ಸೆಕೆಂಡಿನ 1/500, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ಕ್ಕೆ ಚಿತ್ರ ಸರಿಯಾಗಿ ಬಂತು ಎಂದುಕೊಳ್ಳಿ. ಅದೇ ಚಿತ್ರಕ್ಕೆ ಎಫ್ 5.6ರಲ್ಲಿ ಐಎಸ್‌ಒ 25,600 ಬೇಕು. ಗುರುಗಳ ಮುಖದ ಸುಕ್ಕು, ಗೆಣ್ಣಿನ ಕಾಯಿ ಎಲ್ಲ ಆಗ ಏಳುವ ಚುಕ್ಕೆಗಳ ಕಾಳಿನಲ್ಲಿ ಕರಗಿಹೋಗುತ್ತವೆ.

ಗುದ್ದಿಗೆ 1/500, ಒದೆತಕ್ಕೆ, ಕೋಲಿಗೆ 1/1000. ಆದರೆ ಒದೆತವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಓಕಿನಾವಾ ಕೈತಪ್ಪುತ್ತದೆ. ಗೊಜು-ರ್‍ಯು, ಉಎಚಿ-ರ್‍ಯು, ಶೊರಿನ್-ರ್‍ಯು ಈ ಮೂರೂ ಶೈಲಿಗಳಲ್ಲಿ ನಿಲುವು ಸಹಜ ಎತ್ತರದ್ದು, ಹೊಡೆತ ಹತ್ತಿರದ್ದು, ಒದೆತ ಹೆಚ್ಚಾಗಿ ಸೊಂಟದ ಕೆಳಗೆ. ಗಾಳಿಯಲ್ಲಿ ಹಾರುವ ಭಂಗಿಯನ್ನು ಎಂಬತ್ತು ದಾಟಿದ ಗುರುಗಳಿಂದ ಕೇಳುವುದು ಅವರ ವಿದ್ಯೆಯನ್ನು ಅರಿಯದವರ ಕೆಲಸ. ಅವರ ಬಲ ಇರುವುದು ಉಸಿರಿನಲ್ಲಿ, ನೆಲ ಹಿಡಿದ ಪಾದದ ಬೆರಳುಗಳಲ್ಲಿ, ಬಿಗಿದ ಬೆನ್ನಿನಲ್ಲಿ. ಸಾಂಚಿನ್ ಎಂಬ ಕಟಾ (ಒಬ್ಬರೇ ಮಾಡುವ ಗೊತ್ತಾದ ಚಲನೆಗಳ ಸರಣಿ) ನಡೆಯುವಾಗ ಮೊಣಕಾಲೂರಿ ಕುಳಿತು, ಕ್ಯಾಮೆರಾವನ್ನು ಬೆಲ್ಟಿನ ಮಟ್ಟಕ್ಕೆ ಇಳಿಸಿ. ನಿಂತು ತೆಗೆದರೆ ಕಾಲು ಗಿಡ್ಡವಾಗಿ, ನಿಲುವಿನ ಭಾರವೇ ಕಾಣೆಯಾಗುತ್ತದೆ. ಸಾಂಚಿನ್ ಗೊಜುದಲ್ಲಿ ಮುಷ್ಟಿ ಬಿಗಿದು, ಉಎಚಿಯಲ್ಲಿ ಅಂಗೈ ಬಿಚ್ಚಿ ಮಾಡುವುದು ವಾಡಿಕೆ. ಕೈ ಚೌಕಟ್ಟಿನಾಚೆ ಹೋದರೆ ಯಾವ ಶೈಲಿಯೆಂಬುದೇ ತಿಳಿಯದು.

ಗುದ್ದು ಮುಗಿಯುವ ಕ್ಷಣದಲ್ಲಿ ತೋಳಿನ ಬಟ್ಟೆ ಸಟ್ಟನೆ ಸೆಟೆಯುತ್ತದೆ. ಚಿತ್ರ ಇರುವುದು ಅಲ್ಲೇ. ಆ ಸದ್ದು ಕೇಳಿದ ಮೇಲೆ ಗುಂಡಿ ಒತ್ತಿದರೆ ತಡವಾಯಿತು. ನೀವೇ ಕಟಾ ಬಲ್ಲವರು, ಲಯ ಗೊತ್ತಿದೆ. ಭುಜ ಕದಲುವಾಗಲೇ ಒತ್ತಿ. ಕೆಲವು ಚಿತ್ರಗಳನ್ನು ಬೇಕೆಂದೇ 1/60ಕ್ಕೆ ತೆಗೆಯಿರಿ. ಮುಖ ಸ್ಥಿರವಾಗಿ, ಮುಷ್ಟಿ ಮಾತ್ರ ಕದಡಿ ಬಂದರೆ ವೇಗ ಕಣ್ಣಿಗೆ ತಾನೇ ತಿಳಿಯುತ್ತದೆ.

ಬಿಳಿ ಉಡುಪು ಕ್ಯಾಮೆರಾವನ್ನು ಎರಡೂ ಕಡೆಯಿಂದ ಮೋಸಗೊಳಿಸುತ್ತದೆ. ಬಿಳಿ ಚೌಕಟ್ಟನ್ನು ತುಂಬಿದಾಗ ಚಿತ್ರ ಬೂದಿಯಾಗುತ್ತದೆ, ಆಗ ಎಕ್ಸ್‌ಪೋಷರ್ ಹೊಂದಾಣಿಕೆಯಲ್ಲಿ +0.7ರಿಂದ +1 ಕೊಡಿ. ಕಪ್ಪು ಮರದ ಗೋಡೆಯ ಮುಂದೆ ಒಬ್ಬರೇ ಚಿಕ್ಕದಾಗಿ ನಿಂತಾಗ ಉಡುಪು ಸುಟ್ಟು ನೇಯ್ಗೆ ಮಾಯವಾಗುತ್ತದೆ, ಆಗ −0.7. ಇದಕ್ಕಿಂತ ಒಳ್ಳೆಯದು ಮ್ಯಾನುಯಲ್. ಉಡುಪಿನ ಮೇಲೆ ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಇಟ್ಟು, ಅದು ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು) ಹೆಚ್ಚು ಬೆಳಕು ಕೊಟ್ಟು ಹಾಗೇ ಬಿಟ್ಟುಬಿಡಿ. ಫ್ಲಾಶ್ ಬೇಡವೇ ಬೇಡ. ಎದುರಾಳಿಯ ಕಣ್ಣಿಗೆ ಅದು ಹೊಡೆದರೆ ಏಟು ತಪ್ಪಿ ಬೀಳುತ್ತದೆ.

ಭಾವಚಿತ್ರಕ್ಕೆ ಕಿಟಕಿಯ ಪಕ್ಕದ ಬೆಳಕು ಸಾಕು. ಒಂದು ಲೆಕ್ಕ ನೆನಪಿರಲಿ: 35 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಒಂದೂವರೆ ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 13 ಸೆಂ.ಮೀ. ಮಾತ್ರ. ಚಾಚಿದ ಮುಷ್ಟಿ ಮುಖಕ್ಕಿಂತ 60 ಸೆಂ.ಮೀ. ಮುಂದಿರುತ್ತದೆ. ಎರಡೂ ಒಟ್ಟಿಗೆ ಬೇಕಾದರೆ ಎಫ್ 8 ಬೇಕು, ಅಷ್ಟು ಬೆಳಕು ಒಳಗೆ ಇರುವುದಿಲ್ಲ. ಕೈಯನ್ನು ಎದೆಯ ಹತ್ತಿರ ಇರಿಸಿಕೊಳ್ಳಲು ವಿನಂತಿಸಿ, ಎಫ್ 4ರಲ್ಲಿ ತೆಗೆಯಿರಿ.

ಪ್ರಶ್ನೆ: ಒಳಾಂಗಣ ಕ್ರೀಡಾಂಗಣದಲ್ಲಿ ಕರಾಟೆ ಪಂದ್ಯದ ಫೋಟೋ ತೆಗೆದರೆ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತವೆ. ಕೋಲು ಬೀಸಿದ್ದು ಬಾಳೆಹಣ್ಣಿನಂತೆ ಬಾಗಿ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?
(ಪದವಿ ವಿದ್ಯಾರ್ಥಿ, ಯಾದಗಿರಿ)

ಕೆಟ್ಟಿಲ್ಲ. ನೀವು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುತ್ತಿದ್ದೀರಿ. ಅದು ಸೆನ್ಸರನ್ನು ಒಂದೇ ಏಟಿಗೆ ಓದದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಯುವಷ್ಟರಲ್ಲಿ ಕೋಲು ಮುಂದೆ ಹೋಗಿರುತ್ತದೆ, ಹಾಗಾಗಿ ಬಾಗುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿದರೆ ಕೋಲು ನೆಟ್ಟಗಾಗುತ್ತದೆ.

ಪಟ್ಟಿಗೆ ಕಾರಣ ಕರೆಂಟು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಜ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಪೂರ್ತಿ ಮಿನುಗು ಒಳಗೆ ಬಂದು ಪಟ್ಟಿ ಮರೆಯಾಗುತ್ತದೆ. ಅದಕ್ಕಿಂತ ವೇಗ ಬೇಕಿದ್ದರೆ ಮೆನುವಿನಲ್ಲಿ ಆಂಟಿ ಫ್ಲಿಕರ್ ಹಾಕಿ. ದೀಪ ಪೂರ್ತಿ ಬೆಳಗುವ ಕ್ಷಣಕ್ಕೆ ಕ್ಯಾಮೆರಾ ಕಾಯುತ್ತದೆ, ಸರಣಿ ಚಿತ್ರಗಳ ವೇಗ ಸ್ವಲ್ಪ ತಗ್ಗುತ್ತದೆ. ಜಪಾನಿಗೆ ಹೋಗುವವರಿಗೂ ಇದು ಮುಖ್ಯ. ಓಕಿನಾವಾದಲ್ಲಿ 60 ಹರ್ಟ್ಜ್, ಅಲ್ಲಿ 1/60 ಅಥವಾ 1/125. ದಾರಿಯಲ್ಲಿ ಟೋಕಿಯೊದಲ್ಲಿ ಇಳಿದರೆ ಅಲ್ಲಿ ಮತ್ತೆ ನಮ್ಮಂತೆಯೇ 50.

ಪ್ರಶ್ನೆ: ಡೋಜೊದ ಒಳಗೆ ಹೇಗೆ ನಡೆದುಕೊಳ್ಳಬೇಕು? ಗುರುಗಳಿಗೆ ದುಡ್ಡು ಕೊಡಬೇಕೇ, ಕಾಣಿಕೆ ಸಾಕೇ?
(ಸ್ಟುಡಿಯೊ ನಡೆಸುವವರು, ಹುಮನಾಬಾದ್)

ಮೊದಲು ಪತ್ರ ಬರೆದು ಅನುಮತಿ ಪಡೆಯಿರಿ. ಯಾರು, ಎಲ್ಲಿಂದ, ಚಿತ್ರ ಯಾವುದಕ್ಕೆ, ಎಲ್ಲಿ ಪ್ರಕಟವಾಗುತ್ತದೆ ಎಂಬ ನಾಲ್ಕೂ ಅದರಲ್ಲಿರಲಿ. ನಿಮ್ಮ ಕರಾಟೆ ಶಿಕ್ಷಕರು ಆ ಪರಂಪರೆಗೆ ಸೇರಿದವರಾಗಿದ್ದರೆ ಅವರ ಮೂಲಕವೇ ಕೇಳಿಸಿ. ವಿಳಾಸ ಗೊತ್ತಿಲ್ಲದವರಿಗೆ ಅಲ್ಲಿನ ಮುಖ್ಯ ನಗರ ನಾಹಾದ ಪಕ್ಕದ ತೊಮಿಗುಸುಕುವಿನಲ್ಲಿ 2017ರಲ್ಲಿ ತೆರೆದ ಓಕಿನಾವಾ ಕರಾಟೆ ಕೈಕನ್ (ಕರಾಟೆ ಭವನ) ಒಳ್ಳೆಯ ಬಾಗಿಲು.

ಬಾಗಿಲಲ್ಲಿ ಪಾದರಕ್ಷೆ ಬಿಟ್ಟು, ತಲೆಬಾಗಿ ಒಳಗೆ ಹೋಗಿ. ಕಾಲುಚೀಲವನ್ನೂ ತೆಗೆಯಿರಿ, ಮರದ ನೆಲ ಜಾರುತ್ತದೆ. ಒಂದು ಗೋಡೆಯ ಮೇಲೆ ಮೂಲಗುರುಗಳ ಭಾವಚಿತ್ರಗಳಿರುತ್ತವೆ. ಗೊಜು-ರ್‍ಯು ಡೋಜೊದಲ್ಲಿ ಸಾಮಾನ್ಯವಾಗಿ ಮಿಯಾಗಿ ಚೊಜುನ್ (1888–1953), ಉಎಚಿ-ರ್‍ಯುದಲ್ಲಿ ಉಎಚಿ ಕನ್‌ಬುನ್ (1877–1948). ಆ ಗೋಡೆಗೆ ಬೆನ್ನು ಹಾಕಿ ಕೂರಬೇಡಿ, ಅದರ ಮುಂದೆ ಅಡ್ಡ ಓಡಾಡಬೇಡಿ. ನೆಲದ ಮೇಲಿಟ್ಟ ಕೋಲು, ಸಾಯ್, ತೊನ್ಫಾ ಎಂಬ ಆಯುಧಗಳನ್ನು ದಾಟಿ ಹೋಗುವಂತಿಲ್ಲ. ಕೋಲಿನ ಅಭ್ಯಾಸ ನಡೆಯುವಾಗ ಮೂರು ಮೀಟರ್ ಆಚೆಗಿರಿ, ಅದು ಹಿಂದಕ್ಕೂ ಬರುತ್ತದೆ.

ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದು ಪೂರ್ತಿ ತರಗತಿ ಕುಳಿತು ನೋಡಿದರೆ ಬೆಳಕು ಎಲ್ಲಿಂದ ಬರುತ್ತದೆ, ಯಾವಾಗ ಮೌನ, ಯಾವಾಗ ವಿರಾಮ ಎಲ್ಲ ತಿಳಿಯುತ್ತದೆ. ಸಾಂಚಿನ್‌ನ ಮೌನದಲ್ಲಿ ಶಟರಿನ ಟಕ್ ಟಕ್ ಅತಿಯಾಗಿ ಕೇಳುತ್ತದೆ. ಅಲ್ಲಿ ಚಲನೆ ನಿಧಾನ, ಆದ್ದರಿಂದ ಸದ್ದಿಲ್ಲದ ಶಟರನ್ನು 1/60ಕ್ಕಿಟ್ಟು ಧಾರಾಳವಾಗಿ ಬಳಸಬಹುದು.

ಹೊಜೊ ಉಂದೊ ಎಂಬ ಕಸರತ್ತನ್ನು ಬಿಡಬೇಡಿ. ಮರದ ಹಿಡಿಗೆ ಸಿಮೆಂಟಿನ ಗುಂಡು ಕೂಡಿಸಿದ ಚಿ-ಇಶಿ, ಬಾಯಂಚನ್ನು ಐದು ಬೆರಳಲ್ಲೇ ಹಿಡಿದು ನಡೆಯುವ ಮರಳು ತುಂಬಿದ ಮಡಕೆಗಳು, ಗುದ್ದಲು ನೆಟ್ಟ ಮಕಿವಾರ ಕಂಬ. ಮಡಕೆ ಹಿಡಿದಾಗ ಮುಂಗೈಯ ನರಗಳು ಏಳುತ್ತವೆ, ಪಕ್ಕದ ಬೆಳಕಿನಲ್ಲಿ ಆ ಒಂದು ಚಿತ್ರ ಹತ್ತು ಗುದ್ದಿನ ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ. ಮಕಿವಾರವನ್ನು ಪಕ್ಕದಿಂದ, 1/1000ಕ್ಕೆ ತೆಗೆದರೆ ಕಂಬ ಬಳುಕುವುದು ಕಾಣುತ್ತದೆ.

ದುಡ್ಡನ್ನು ಕೈಗೆ ತುರುಕಬೇಡಿ. ತರಬೇತಿಗೆ ಶುಲ್ಕವಿದ್ದರೆ ಅವರೇ ತಿಳಿಸುತ್ತಾರೆ, ಅದನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಿಂದ ಕೊಡಿ. ಕಾಣಿಕೆಗೆ ಬೀದರಿನವರಿಗೆ ಯೋಚನೆಯೇ ಬೇಡ: ಒಂದು ಸಣ್ಣ ಬಿದ್ರಿ ಡಬ್ಬಿ. ಸತು–ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ್ದು ಎಂದು ಎರಡು ಸಾಲು ಬರೆದಿಡಿ, ಕೈಕಸುಬನ್ನು ಬಲ್ಲವರು ಅವರು. ನಾಲ್ಕರ ಜೋಡಿ ಮಾತ್ರ ಕೊಡಬೇಡಿ, ಅಲ್ಲಿ ನಾಲ್ಕು ಅಶುಭ. ಇದೆಲ್ಲಕ್ಕಿಂತ ಬೆಲೆಯ ಕಾಣಿಕೆ ಎಂದರೆ ಊರಿಗೆ ಬಂದ ಮೇಲೆ 5×7 ಇಂಚಿನ ಪ್ರಿಂಟ್ ಹಾಕಿಸಿ ಕಳಿಸುವುದು. ಪ್ರಕಟಿಸುವ ಮೊದಲೇ ಕಳಿಸಿ. ಒಪ್ಪಿಗೆಯಿಲ್ಲದೆ ಮುಖ ಪ್ರಕಟಿಸುವುದನ್ನು ಜಪಾನಿನ ನ್ಯಾಯಾಲಯಗಳೂ ಗಂಭೀರವಾಗಿ ನೋಡುತ್ತವೆ, ಮಕ್ಕಳ ವಿಷಯದಲ್ಲಂತೂ ಹೆತ್ತವರ ಮಾತೇ ಕೊನೆ.

ಪ್ರಶ್ನೆ: ಕರಾಟೆ ಬಿಟ್ಟು ಅಲ್ಲಿನ ಜನಜೀವನ ತೆಗೆಯಲು ಯಾವ ತಿಂಗಳು ಒಳ್ಳೆಯದು? ಎಲ್ಲಿಗೆ ಹೋಗಬೇಕು?
(ಶಾಲಾ ಶಿಕ್ಷಕಿ, ಸುರಪುರ)

ಮೇ ನಡುವಿನಿಂದ ಜೂನ್ ಕೊನೆಯವರೆಗೆ ಜಡಿಮಳೆ, ಆಮೇಲೆ ಅಕ್ಟೋಬರಿನವರೆಗೂ ಚಂಡಮಾರುತದ ಭಯ. ಆದರೂ ಅಕ್ಟೋಬರ್ ಕೊನೆ ನಮ್ಮ ಆಯ್ಕೆ. 25ರಂದು ಕರಾಟೆ ದಿನ, ಆ ಸುಮಾರಿಗೆ ನಾಹಾದ ಕೊಕುಸಾಯ್ ರಸ್ತೆಯಲ್ಲಿ ಸಾಮೂಹಿಕ ಕಟಾ ಇರುತ್ತದೆ. ಚಳಿಗಾಲದಲ್ಲಿ ಮೋಡದ ಮೆತ್ತನೆಯ ಬೆಳಕು, ಮುಖಗಳಿಗೆ ಬಹಳ ಚೆಂದ. ಡೊಳ್ಳು ಬಾರಿಸುತ್ತ ಕುಣಿಯುವ ಎಯಿಸಾ ಬೇಕಿದ್ದರೆ ಹಳೆಯ ಪಂಚಾಂಗದ ಪಿತೃಹಬ್ಬದ ಹೊತ್ತಿಗೆ, ಅಂದರೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಹೋಗಬೇಕು.

ಬೆಳಿಗ್ಗೆ ನಾಹಾದ ಮಕಿಶಿ ಮಾರುಕಟ್ಟೆಗೆ ಹೋಗಿ. ಹಳೆಯ ಕಟ್ಟಡ ಕೆಡವಿ ಕಟ್ಟಿದ ಹೊಸದು 2023ರಲ್ಲಿ ತೆರೆದಿದೆ. ಕೆಳಗೆ ಕೊಂಡ ಮೀನನ್ನು ಮೇಲಿನ ಹೋಟೆಲಿನಲ್ಲಿ ಬೇಯಿಸಿ ಕೊಡುತ್ತಾರೆ. ಮೊದಲು ಏನಾದರೂ ಕೊಳ್ಳಿ, ಆಮೇಲೆ ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿ. ಕೈ ಅಡ್ಡ ಆಡಿಸಿದರೆ ಇಲ್ಲವೆಂದೇ ಅರ್ಥ, ಮತ್ತೆ ಕೇಳಬೇಡಿ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ತ್ಸುಬೊಯಾ ಕುಂಬಾರರ ಬೀದಿ. ಶುರಿ ಅರಮನೆಯ ಮುಖ್ಯ ಭವನ 2019ರ ಅಕ್ಟೋಬರ್ 31ರಂದು ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟುವ ಬಡಗಿಗಳ ಕೆಲಸವನ್ನೇ ಜನರಿಗೆ ನೋಡಲು ತೆರೆದಿಟ್ಟಿದ್ದರು.

ಕ್ಯಾಮೆರಾ ಇಳಿಸಬೇಕಾದ ಜಾಗಗಳೂ ಇವೆ. ಉತಾಕಿ ಎಂಬ ದೇವರಬನಗಳಲ್ಲಿ ಪ್ರಾರ್ಥಿಸುವವರನ್ನು ತೆಗೆಯಬೇಡಿ. ಆಮೆಯ ಬೆನ್ನಿನಾಕಾರದ ಸಮಾಧಿಗಳ ಮೇಲೆ ಹತ್ತಬೇಡಿ. ಏಪ್ರಿಲ್ ಸುಮಾರಿಗೆ ಕುಟುಂಬಗಳು ಅಲ್ಲಿ ಕುಳಿತು ಊಟ ಮಾಡುತ್ತವೆ, ಕರೆದರೆ ಮಾತ್ರ ಹತ್ತಿರ ಹೋಗಿ. ಜೂನ್ 23 ಎಂದರೆ 1945ರ ಓಕಿನಾವಾ ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ. ದ್ವೀಪದ ದಕ್ಷಿಣದ ಮಬುನಿಯ ಸ್ಮಾರಕ ಕಲ್ಲುಗಳಲ್ಲಿ ಸತ್ತವರ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ತಮ್ಮವರ ಹೆಸರು ಸವರುತ್ತ ಅಳುವ ಮುದುಕಿಯ ಮುಖಕ್ಕೆ ಲೆನ್ಸ್ ಹಿಡಿಯಬಾರದು. ದೂರದಿಂದ, ಬೆನ್ನಿನ ಕಡೆಯಿಂದ, ಕಲ್ಲಿನ ಸಾಲುಗಳೊಂದಿಗೆ ತೆಗೆದರೆ ಸಾಕು. ಎಂಬತ್ತೈದು ದಾಟಿದ ಗುರುಗಳು ಆ ಯುದ್ಧದ ಮಕ್ಕಳು ಎಂಬುದು ಅವರ ಮನೆಯ ಗೋಡೆಯ ಫೋಟೋಗಳ ಬಗ್ಗೆ ಕೇಳುವ ಮುನ್ನ ನೆನಪಿರಲಿ.

ಪ್ರಶ್ನೆ: ಡ್ರೋನ್ ಒಯ್ಯಬಹುದೇ?
(ಆಳಂದ)

ಬೇಡ. 100 ಗ್ರಾಂ ಮತ್ತು ಮೇಲ್ಪಟ್ಟ ಡ್ರೋನಿಗೆ ಜಪಾನಿನಲ್ಲಿ ನೋಂದಣಿ ಕಡ್ಡಾಯ. ಓಕಿನಾವಾದ ಮುಖ್ಯ ದ್ವೀಪದಲ್ಲಿ ಅಮೆರಿಕದ ಸೇನಾನೆಲೆಗಳು ತುಂಬಿವೆ, ಅವುಗಳ ಸುತ್ತ ಹಾರಿಸುವಂತಿಲ್ಲ.

ಪ್ರಶ್ನೆ: ನಮ್ಮೂರ ತಾಲೀಮಿನಾಗ ಎಂಬತ್ತರ ಹತ್ರದ ಉಸ್ತಾದರು ಇನ್ನೂ ಹುಡುಗರಿಗೆ ಕುಸ್ತಿ ಕಲಸ್ತಾರ. ಓಕಿನಾವಾಕ್ಕ ಹೋಗೂದು ನಮ್ಮ ಕೈಲೆ ಆಗಂಗಿಲ್ರಿ, ಇವರದೇ ಫೋಟೋ ಚಲೋ ತಗೀಬೇಕಂತ ಮಾಡೀನಿ. ಖರೆ ಅಖಾಡದ ಮಟ್ಟಿ ಕೆಂಪು ಬರೂದೇ ಇಲ್ಲ, ಬೂದಿ ಬೂದಿ ಕಾಣ್ತದ. ಹ್ಯಾಂಗ ಮಾಡ್ಲಿ?
(ಸೇಡಂ)

ಇದನ್ನು ಇಂದೇ ಶುರು ಮಾಡಿರಿ. ನಮ್ಮ ಜಿಲ್ಲೆಗಳ ಉಸ್ತಾದರ ಒಳ್ಳೆಯ ಚಿತ್ರಗಳು ತೀರ ಕಡಿಮೆ, ಕಾಯಲು ಕಾಲವಿಲ್ಲ.

ಕೆಂಪು ಹೋಗುವುದು ಬಣ್ಣವನ್ನು ತಾನೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸಿನಿಂದ. ಚೌಕಟ್ಟಿನ ತುಂಬ ಕೆಂಪು ಕಂಡ ಕೂಡಲೇ ಅದು ಬೆಳಕೇ ಕೆಂಪೆಂದು ತಿಳಿದು ನೀಲಿ ಬೆರೆಸುತ್ತದೆ. ಬಾಗಿಲ ಬೆಳಕಿದ್ದರೆ ಅದನ್ನು 5200 ಕೆಲ್ವಿನ್‌ಗೆ ಕಟ್ಟಿಹಾಕಿ. ಬಲ್ಬನ್ನು ಆರಿಸಲು ಕೇಳಿಕೊಳ್ಳಿ, ಎರಡು ಬೆಳಕು ಬೆರೆತರೆ ಯಾವ ಸೆಟ್ಟಿಂಗೂ ಕೂಡಿಬರುವುದಿಲ್ಲ. ಮಟ್ಟಿಯೂ ಮೈಯೂ ಗಾಢ ಬಣ್ಣದ್ದಾದ್ದರಿಂದ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ. ಅದಕ್ಕೆ −0.7 ಕೊಟ್ಟರೆ ಕೆಂಪು ಗಟ್ಟಿಯಾಗಿ ನಿಲ್ಲುತ್ತದೆ, ಎಣ್ಣೆ ಬೆವರಿನ ಹೊಳಪೂ ಉಳಿಯುತ್ತದೆ. ಬಾಗಿಲಿಗೆ ಬೆನ್ನು ಹಾಕದೆ ಅದನ್ನು ನಿಮ್ಮ ಪಕ್ಕಕ್ಕೆ ಇಟ್ಟುಕೊಳ್ಳಿ. ಎತ್ತಿ ಒಗೆಯುವಾಗ 1/640, ಪಟ್ಟು ಹಿಡಿದು ನಿಂತಾಗ 1/125.

ಮಟ್ಟಿಯ ಹತ್ತಿರ ಲೆನ್ಸ್ ಬದಲಿಸಬೇಡಿ, ಎಣ್ಣೆ ಬೆರೆತ ಧೂಳು ಸೆನ್ಸರಿಗೆ ಅಂಟಿದರೆ ಗಾಳಿ ಊದಿದರೂ ಹೋಗುವುದಿಲ್ಲ. ಚಪ್ಪಲಿ ಹೊರಗೆ, ಉಸ್ತಾದರ ಅಪ್ಪಣೆಯಿಲ್ಲದೆ ಅಖಾಡದ ಅಂಚು ತುಳಿಯಬಾರದು ಎಂಬುದು ನಿಮಗೇ ಗೊತ್ತು.

ಕುಸ್ತಿಯಷ್ಟನ್ನೇ ತೆಗೆದು ನಿಲ್ಲಿಸಬೇಡಿ. ಉಸ್ತಾದರು ನಸುಕಿನಲ್ಲಿ ಮಟ್ಟಿ ಹದ ಮಾಡುವುದು, ಹುಡುಗನ ಕಿವಿ ಹಿಡಿದು ತಿದ್ದುವುದು, ಮನೆಯಲ್ಲಿ ರೊಟ್ಟಿ ಮುರಿದು ಉಣ್ಣುವುದು, ಸಂತೆಯಲ್ಲಿ ಎಮ್ಮೆಯ ವ್ಯಾಪಾರ ಕುದುರಿಸುವುದು ಇವೂ ಬೇಕು. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಪಟ್ಟಿನ ಹೆಸರು, ಹುಡುಗರ ಹೆಸರು, ಊರು, ತಾರೀಕು ಬರೆಯಿರಿ. ಪಟ್ಟಿನ ಹೆಸರನ್ನು ಉಸ್ತಾದರನ್ನೇ ಕೇಳಿ, ಊರಿಂದೂರಿಗೆ ಅದು ಬೇರೆ.

ಪ್ರಶ್ನೆ: ನಮ್ಮ ಚಾರ್ಜರ್ ಅಲ್ಲಿ ನಡೆಯುತ್ತದೆಯೇ? ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ ಎನ್ನುತ್ತಾರಲ್ಲ?
(ಬ್ಯಾಂಕ್ ನೌಕರರು, ಶಹಾಪುರ)

ಅಲ್ಲಿ 100 ವೋಲ್ಟ್, ಎರಡು ಚಪ್ಪಟೆ ಪಿನ್ನು. ಚಾರ್ಜರಿನ ಮೇಲೆ 100–240 ಎಂದಿದ್ದರೆ ಪಿನ್ನಿನ ಅಡಾಪ್ಟರ್ ಒಂದೇ ಸಾಕು. ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಅಂಟಿಸಿ. ನಮ್ಮ ಒಣ ಬಿಸಿಲಿಗೆ ಒಗ್ಗಿದ ಲೆನ್ಸು ಅಲ್ಲಿ ಏಸಿ ಕೋಣೆಯಿಂದ ಹೊರಬಂದೊಡನೆ ಮಂಜಾಗುತ್ತದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಮಂಜೇ. ಚೀಲದ ಜಿಪ್ ತೆರೆಯದೆ ಅರ್ಧ ತಾಸು ಹೊರಗಿಟ್ಟು ಆಮೇಲೆ ತೆಗೆಯಿರಿ. ಸಂಜೆ ಸಮುದ್ರದ ಉಪ್ಪನ್ನು ಕ್ಯಾಮೆರಾದ ಮೈಯಿಂದ ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಊರಿಗೆ ಬಂದ ಮೇಲೂ ಲೆನ್ಸನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಬೂಷ್ಟು ಶುರುವಾಗುವುದು ಹೆಚ್ಚಾಗಿ ಅಲ್ಲೇ.