ಕೆರೆ ಹಸಿರಾಯ್ತು ಅಂತ ಮೈಲುತುತ್ತ ಹಾಕಬೇಡಿ

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ತೋಟದ ಕೆರೆ ಈಚೆಗೆ ಬೇಸಿಗೆ ಬಂದರೆ ಹಸಿರು ಪಾಚಿ ಕಟ್ಟುತ್ತಿದೆ. ಈ ಸಲ ಬೆಳಗಿನ ಜಾವ ಮೀನುಗಳು ಸತ್ತು ತೇಲುತ್ತಿದ್ದವು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವುದೂ ಇದೇ ನೀರಿನಿಂದ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬಹುದಾ? ಮೇಲ್ಗಡೆ ಒಂದು ಹೋಂಸ್ಟೇ ಕೂಡ ಇದೆ.

ಉತ್ತರ: ದಯವಿಟ್ಟು ಹಾಕಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮನೆಯಲ್ಲೇ ಇರುತ್ತದೆ, ಅದರ ಮೇಲೆ ಕಣ್ಣು ಹೋಗುವುದು ಸಹಜ. ಪಾಚಿ ಸಾಯುತ್ತದೆ, ನಿಜ. ಆದರೆ ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಉಳಿದ ಮೀನೂ ಸಾಯಬಹುದು. ಪಾಚಿ ಹೀರಿದ್ದ ಗೊಬ್ಬರದ ಅಂಶ ಮತ್ತೆ ನೀರಿಗೇ ಸೇರುತ್ತದೆ. ತಾಮ್ರ ಹೂಳಿನಲ್ಲಿ ಉಳಿದುಬಿಡುತ್ತದೆ. ಮೀನು ಬೆಳಗಿನ ಜಾವವೇ ಸತ್ತಿದ್ದು ನೋಡಿದರೆ ಆಮ್ಲಜನಕದ ಕೊರತೆಯೇ ಇರಬೇಕು. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಉಸಿರಾಡಿ ಖಾಲಿ ಮಾಡುತ್ತದೆ.

ಕೆರೆ ಪಾಚಿಯನ್ನು ಕೊಬ್ಬಿಸುವುದು ಮುಖ್ಯವಾಗಿ ರಂಜಕ (ಫಾಸ್ಫರಸ್). 1973ರಲ್ಲಿ ಕೆನಡಾದ ಒಂದು ಸರೋವರವನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ಹಸಿರಾಗಿದ್ದು ಆ ಭಾಗವೇ.

ನಮ್ಮ ಹುಳಿ ಮಣ್ಣಿನಲ್ಲಿ ರಂಜಕ ಮಣ್ಣಿನ ಕಣಕ್ಕೇ ಅಂಟಿಕೊಳ್ಳುತ್ತದೆ. ಯೂರಿಯಾದ ಸಾರಜನಕದಷ್ಟು ಸುಲಭವಾಗಿ ಕರಗಿ ಹೋಗುವುದಿಲ್ಲ. ಅಂದರೆ ಮಳೆಗೆ ಕೆರೆಗಿಳಿಯುವ, ಮಣ್ಣು ಬೆರೆತ ಕೆಂಪು ನೀರಿನ ಜೊತೆ ನೀವು ದುಡ್ಡು ಕೊಟ್ಟು ತಂದ 17:17:17 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇರುವ ಕಾಂಪ್ಲೆಕ್ಸ್ ಗೊಬ್ಬರ) ಕೂಡ ಹೋಗುತ್ತಿದೆ. ಜೂನ್‌ನಲ್ಲಿ ಜೋರು ಮಳೆ ಬಂದಾಗ ಕೊಡೆ ಹಿಡಿದು ಕೆರೆ ಸುತ್ತ ಒಂದು ಸಲ ನಡೆದು ಬನ್ನಿ. ಕೆಂಪು ನೀರು ಎಲ್ಲಿಂದ ಬೀಳುತ್ತದೆ ನೋಡಿಕೊಳ್ಳಿ. ಕೆಲಸ ಅಲ್ಲಿಂದ ಶುರುವಾಗಬೇಕು. ಮೇಲಿನ ಸಾಲುಗಳಲ್ಲಿ ತೊಟ್ಟಿಲು ಗುಂಡಿ (ಹರಿಯುವ ನೀರು, ಮಣ್ಣನ್ನು ತಡೆದು ಹಿಡಿಯುವ ಉದ್ದನೆಯ ಗುಂಡಿ) ತೆಗೆಸಿ. ಕೆರೆ ಅಂಚಿಗೆ ಲಾವಂಚ ನೆಡಿ, ಅಲ್ಲಿನ ಹುಲ್ಲನ್ನು ಸುಮ್ನೆ ಹೆರೆಸಬೇಡಿ.

ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಜಾಸ್ತಿ ಇದ್ದರೆ ಕಾಂಪ್ಲೆಕ್ಸ್ ಬಿಟ್ಟು ಬೇಕಾದ್ದನ್ನಷ್ಟೇ ಕೊಡಿ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಚೀಲ ಬಿಚ್ಚಲೇಬೇಡಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರಂತೂ ಕೆರೆ ಕಡೆ ತಿರುಗಲೇಬಾರದು.

ಹೋಂಸ್ಟೇಯವರ ಹತ್ತಿರ ಹೋಗಿ ಮಾತಾಡಿ. ಶೌಚದ ಗುಂಡಿ ತುಂಬಿ ಹರಿಯುತ್ತಿದ್ದರೆ ತೋಟದಲ್ಲಿ ನೀವೆಷ್ಟು ಗುಂಡಿ ತೆಗೆದರೂ ಕೆರೆ ತಿಳಿಯಾಗುವುದಿಲ್ಲ. ಪೇಟೆ ಚರಂಡಿ ಸೇರುವ ಕೆರೆಗಳ ಪಾಡೂ ಇದೇ.

ಒಂದೇ ವರ್ಷದಲ್ಲಿ ನೀರು ತಿಳಿಯಾಗಲಿಕ್ಕಿಲ್ಲ. ಹೂಳಿನಲ್ಲಿ ಕೂತ ಹಳೆಯ ರಂಜಕ ಮೇಲೇಳುತ್ತಲೇ ಇರುತ್ತದೆ. ನೀರು ಇಳಿದಾಗ ಹೂಳೆತ್ತಿಸಿ, ಏರಿ ಮೇಲೆ ಸುರಿಯದೆ ದೂರ ಸಾಗಿಸಿ. ಅಲ್ಲಿಯವರೆಗೆ ಹಸಿರು ನೀರನ್ನು ದನಕ್ಕೆ, ನಾಯಿಗೆ ಕುಡಿಸಬೇಡಿ. ಕೆಲವು ನೀಲಿ-ಹಸಿರು ಪಾಚಿಗಳು ವಿಷ ಬಿಡುತ್ತವೆ.